ಸೂರ್ಯನ ಸುತ್ತ ಕಬ್ಬಿಣದ ಕಡಲೆ

1869ರ ಆಗಸ್ಟ್ 7ರಂದು ಅಮೆರಿಕದ ಮೇಲೆ ಖಗ್ರಾಸ ಸೂರ್ಯಗ್ರಹಣ ಹಾದುಹೋಯಿತು. ಅಯೋವಾ ಪ್ರಾಂತ್ಯದ ಬರ್ಲಿಂಗ್‌ಟನ್‌ನಲ್ಲಿ ಚಾರ್ಲ್ಸ್ ಯಂಗ್, ಅದೇ ಪ್ರಾಂತ್ಯದ ಡಿ ಮಾಯ್ನ್‌ನಲ್ಲಿ ವಿಲಿಯಂ ಹಾರ್ಕ್‌ನೆಸ್ ತಮ್ಮ ದೂರದರ್ಶಕಕ್ಕೆ ರೋಹಿತದರ್ಶಕ ಜೋಡಿಸಿಕೊಂಡು ಕಾದಿದ್ದರು. ಚಂದ್ರ ಸೂರ್ಯಬಿಂಬವನ್ನು ಪೂರ್ತಿ ಮುಚ್ಚಿದ ಆ ಕೆಲವೇ ಕ್ಷಣಗಳಲ್ಲಿ ಬಿಂಬದ ಸುತ್ತ ಮುತ್ತಿನ ಬಣ್ಣದ ಪ್ರಭಾವಲಯವೊಂದು ಕಾಣಿಸಿಕೊಳ್ಳುತ್ತದೆ. ಅದೇ ಕರೋನಾ. (2020ರಲ್ಲಿ ಜಗತ್ತನ್ನು ಕಂಗೆಡಿಸಿದ ವೈರಾಣುವಿನ ಬಳಗಕ್ಕೆ ಆ ಹೆಸರು ಬಂದದ್ದೂ ಈ ಪ್ರಭಾವಲಯದ ಹೋಲಿಕೆಯಿಂದಲೇ.) ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ನೋಡುತ್ತಿದ್ದ ಇಬ್ಬರಿಗೂ ಆ ಮಂದ ಬೆಳಕಿನಲ್ಲಿ ಒಂದು ಹಸಿರು ಗೆರೆ ಎದ್ದು ಕಂಡಿತು.

ಗೆರೆ ಎಂದರೇನು? ಬೆಳಕನ್ನು ಅಶ್ರಗದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಬಣ್ಣಗಳು ಹರಡಿಕೊಳ್ಳುತ್ತವೆ. ಆ ಹರವೇ ರೋಹಿತ. ಕಾದ ಅನಿಲವೊಂದರ ಬೆಳಕನ್ನು ಹೀಗೆ ಹರಡಿದರೆ ಮಾತ್ರ ಪೂರ್ತಿ ಕಾಮನಬಿಲ್ಲು ಸಿಗುವುದಿಲ್ಲ. ಅಲ್ಲೊಂದು ಇಲ್ಲೊಂದು ಬಣ್ಣದ ಗೆರೆ ಸಿಗುತ್ತದೆ. ಸೋಡಿಯಂಗೆ ಅದರದೇ ಹಳದಿ, ಜಲಜನಕಕ್ಕೆ ಅದರದೇ ಕೆಂಪು. ಹೆಬ್ಬೆಟ್ಟಿನ ಗುರುತು ನೋಡಿ ಆಸಾಮಿಯನ್ನು ಪತ್ತೆ ಮಾಡುವ ಪೊಲೀಸರಂತೆ, ಗೆರೆ ನೋಡಿ ಧಾತುವನ್ನು ಪತ್ತೆ ಮಾಡಬಹುದು. 1869ರ ಹಸಿರು ಗೆರೆಯ ಆಸಾಮಿ ಯಾರು?

ಮೊದಮೊದಲು ಕಬ್ಬಿಣವೇ ಇರಬೇಕೆಂಬ ಅನುಮಾನವಿತ್ತು. ಕಬ್ಬಿಣದ ಒಂದು ಗೆರೆ ಅದೇ ಆಸುಪಾಸಿನಲ್ಲಿತ್ತು. ಆದರೆ 1898ರ ಗ್ರಹಣದಲ್ಲಿ (ಅದು ಭಾರತದ ಮೇಲೆ ಹಾದುಹೋದ ಗ್ರಹಣ) ಇನ್ನಷ್ಟು ನಿಖರವಾಗಿ ಅಳೆದಾಗ ಗೆರೆಯ ಜಾಗ 5303 ಆಂಗ್‌ಸ್ಟ್ರಾಂ ಎಂದು ಗೊತ್ತಾಯಿತು. ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ. ಆ ಜಾಗದಲ್ಲಿ ಕಬ್ಬಿಣದ ಗೆರೆ ಇರಲಿಲ್ಲ. ಭೂಮಿಯ ಮೇಲೆ ಗೊತ್ತಿದ್ದ ಯಾವ ಧಾತುವಿನ ಗೆರೆಯೂ ಇರಲಿಲ್ಲ.

ಹಾಗಾದರೆ ಸೂರ್ಯನಲ್ಲಿ ಹೊಸದೊಂದು ಧಾತುವಿದೆ ಎಂದರು. ಅದಕ್ಕೆ ಕರೋನಿಯಂ ಎಂದು ಹೆಸರೂ ಇಟ್ಟರು. ಇಂದು ನಗು ಬರಬಹುದು. ಆದರೆ ಅಂದಿನವರಿಗೆ ಹಾಗೆ ಹೇಳಲು ಬಲವಾದ ಆಧಾರವಿತ್ತು. 1868ರ ಆಗಸ್ಟ್ 18ರಂದು ನಮ್ಮ ಗುಂಟೂರಿಗೆ ಫ್ರಾನ್ಸಿನಿಂದ ಬಂದ ಜಾನ್ಸೆನ್ ಮೊದಲಾದವರು ನೋಡಿದ ಗ್ರಹಣದ ವರ್ಷದಲ್ಲೇ ಸೂರ್ಯನಲ್ಲಿ ಅಪರಿಚಿತ ಹಳದಿ ಗೆರೆಯೊಂದು ಸಿಕ್ಕಿತ್ತು. ಅದಕ್ಕೆ ಹೀಲಿಯಂ ಎಂಬ ಹೆಸರು ಬಿದ್ದು, 1895ರಲ್ಲಿ ವಿಲಿಯಂ ರಾಮ್ಸೇ ಅದನ್ನು ಭೂಮಿಯ ಮೇಲೆಯೇ ಹಿಡಿದು ತೋರಿಸಿದ್ದರು. ಒಮ್ಮೆ ಫಲಿಸಿದ ಊಹೆ ಮತ್ತೊಮ್ಮೆ ಯಾಕೆ ಫಲಿಸಬಾರದು? ಧಾತುಗಳ ಕೋಷ್ಟಕ ಕಟ್ಟಿದ ಮೆಂಡಲೀವ್‌ ಅವರಂಥವರೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕರೋನಿಯಂಗೆ ಜಲಜನಕಕ್ಕಿಂತ ಹಗುರವಾದ ಧಾತುವಿನ ಜಾಗ ಕೊಡಲು ಮುಂದಾದರು.

ಆದರೆ ಕೋಷ್ಟಕದಲ್ಲಿ ಜಾಗ ಖಾಲಿ ಇರಲಿಲ್ಲ. ಪರಮಾಣುವಿನ ನಡುವೆ ಧನ ವಿದ್ಯುತ್ತಿನ ಬೀಜ, ಅದರ ಸುತ್ತ ಋಣ ವಿದ್ಯುತ್ತಿನ ಎಲೆಕ್ಟ್ರಾನುಗಳು ಎಂಬ ಚಿತ್ರ ಸ್ಪಷ್ಟವಾದ ಮೇಲೆ ಧಾತುಗಳಿಗೆ ಒಂದು, ಎರಡು, ಮೂರು ಎಂದು ಕ್ರಮಸಂಖ್ಯೆ ಬಂತು. ಒಂದಕ್ಕಿಂತ ಕಡಿಮೆ ಸಂಖ್ಯೆಯ ಧಾತು ಇರಲು ಸಾಧ್ಯವಿಲ್ಲ. ನೀಹಾರಿಕೆಗಳಲ್ಲಿ ಕಂಡ ಇನ್ನೊಂದು ನಿಗೂಢ ಹಸಿರು ಗೆರೆಗೆ 'ನೆಬ್ಯುಲಿಯಂ' ಎಂಬ ಧಾತುವೇ ಕಾರಣವೆಂದು ನಂಬಿದ್ದರು. ಅದು ಎರಡು ಎಲೆಕ್ಟ್ರಾನು ಕಳೆದುಕೊಂಡ ಸಾಮಾನ್ಯ ಆಮ್ಲಜನಕ ಎಂದು 1927ರಲ್ಲಿ ಐರಾ ಬೋವೆನ್ ತೋರಿಸಿದರು. ಕರೋನಿಯಂನ ಬಣ್ಣವೂ ಬಯಲಾಗಲಿತ್ತು.

ಬಯಲು ಮಾಡಿದವರು ಇಬ್ಬರು. ಸ್ವೀಡನ್ನಿನ ಉಪ್ಸಾಲಾದಲ್ಲಿ ಬೆಂಗ್ಟ್ ಎಡ್ಲೆನ್ ಎಂಬ ಯುವ ವಿಜ್ಞಾನಿ ನಿರ್ವಾತದಲ್ಲಿ ವಿದ್ಯುತ್ ಕಿಡಿ ಹಾರಿಸಿ, ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಕಿತ್ತು, ಉಳಿದ ಅಯಾನುಗಳ ರೋಹಿತವನ್ನು ಅಳೆಯುತ್ತಿದ್ದರು. ಆ ಅಳತೆಗಳನ್ನು ಜರ್ಮನಿಯ ವಾಲ್ಟರ್ ಗ್ರೋಟ್ರಿಯನ್ ಕರೋನಾದ ಗೆರೆಗಳ ಜೊತೆ ಇಟ್ಟು ನೋಡಿದರು. ಒಂಬತ್ತು ಮತ್ತು ಹತ್ತು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣಕ್ಕೆ ಕರೋನಾದ ಎರಡು ಗೆರೆಗಳು ತಾಳೆಯಾಗುತ್ತವೆಂದು 1939ರಲ್ಲಿ ಬರೆದರು. ಎಡ್ಲೆನ್ ಅಲ್ಲಿಗೇ ನಿಲ್ಲದೆ ಉಳಿದ ಗೆರೆಗಳ ಬೆನ್ನು ಹತ್ತಿದರು. ಯುದ್ಧದ ನಡುವೆ, 1940ರ ದಶಕದ ಆರಂಭದಲ್ಲಿ, ಕರೋನಾದ ಬಹುಪಾಲು ಗೆರೆಗಳಿಗೆ ವಾರಸುದಾರರನ್ನು ಹುಡುಕಿಕೊಟ್ಟರು. ಕಬ್ಬಿಣ, ನಿಕ್ಕಲ್, ಕ್ಯಾಲ್ಸಿಯಂ ಎಲ್ಲವೂ ಹಳೆಯ ಪರಿಚಿತರೇ. ಯಂಗ್ ಮತ್ತು ಹಾರ್ಕ್‌ನೆಸ್ ಕಂಡ ಹಸಿರು ಗೆರೆ ಹದಿಮೂರು ಎಲೆಕ್ಟ್ರಾನು ಕಳೆದುಕೊಂಡ ಕಬ್ಬಿಣದ್ದು. ಕಬ್ಬಿಣದಲ್ಲಿರುವುದು ಒಟ್ಟು 26 ಎಲೆಕ್ಟ್ರಾನು. ಅಂದರೆ ಅರ್ಧಕ್ಕರ್ಧ ಸೋರಿಹೋಗಿತ್ತು. (ಖಗೋಳಿಗಳು ಇದನ್ನು 'ಕಬ್ಬಿಣ 14' ಎನ್ನುತ್ತಾರೆ. ಏನೂ ಕಳೆದುಕೊಳ್ಳದ ಪರಮಾಣುವನ್ನೇ 1 ಎಂದು ಎಣಿಸುವ ಹಳೆಯ ರೂಢಿ. ಹೊಸಬರನ್ನು ಗೊಂದಲಗೊಳಿಸಲು ಇದಕ್ಕಿಂತ ಒಳ್ಳೆಯ ಪದ್ಧತಿ ಇರಲಾರದು.)

ಇದರ ಪರಿಣಾಮ ಗೆರೆಯ ಹೆಸರು ಬದಲಾದಷ್ಟಕ್ಕೆ ಮುಗಿಯಲಿಲ್ಲ. ಕಬ್ಬಿಣದ ಮೊದಲ ಎಲೆಕ್ಟ್ರಾನನ್ನು ಕೀಳಲು 7.9 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು. ಎಲೆಕ್ಟ್ರಾನ್ ವೋಲ್ಟ್ ಎಂಬುದು ಪರಮಾಣು ಲೋಕದ ಚಿಲ್ಲರೆ ನಾಣ್ಯ ಎಂದುಕೊಳ್ಳಿ. ಹದಿಮೂರನೆಯದನ್ನು ಕೀಳಲು ಅಂಥ ನಾಣ್ಯ 361 ಬೇಕು. ಸೂರ್ಯನ ಮೇಲ್ಮೈಯ ಐದೂವರೆ ಸಾವಿರ ಡಿಗ್ರಿ ಶಾಖದಲ್ಲಿ ಇದು ಆಗುವ ಮಾತಲ್ಲ. ಶಾಖಕ್ಕೂ ಎಲೆಕ್ಟ್ರಾನು ಕಳಚುವುದಕ್ಕೂ ಇರುವ ನಂಟನ್ನು ನಮ್ಮ ಮೇಘನಾದ ಸಾಹಾ 1920ರಲ್ಲೇ ಸೂತ್ರಕ್ಕೆ ಇಳಿಸಿದ್ದರು. ಕರೋನಾದಂಥ ತೆಳು ಅನಿಲಕ್ಕೆ ಆ ಸೂತ್ರ ನೇರವಾಗಿ ಹೊಂದದಿದ್ದರೂ ವಿಚಾರದ ದಾರಿ ಅದೇ. ಲೆಕ್ಕ ಹಾಕಿದರೆ ಕರೋನಾದ ಉಷ್ಣತೆ ಹತ್ತಿಪ್ಪತ್ತು ಲಕ್ಷ ಡಿಗ್ರಿ ಎಂದಾಯಿತು. ಒಲೆಯಿಂದ ದೂರ ಸರಿದಷ್ಟೂ ಸೆಕೆ ಹೆಚ್ಚಾದಂತೆ! ಆ ಶಾಖ ಎಲ್ಲಿಂದ ಬರುತ್ತದೆ ಎಂಬುದು ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ.

ಇಷ್ಟು ವರ್ಷ ಯಾರೂ ಈ ಗೆರೆಯನ್ನು ಪ್ರಯೋಗಶಾಲೆಯಲ್ಲಿ ಕಾಣಲಿಲ್ಲವೇಕೆ? ಈ ಅಯಾನು ಹಸಿರು ಬೆಳಕನ್ನು ಹೊರಬಿಡಲು ಬಹಳ ಸಾವಕಾಶ ಮಾಡುತ್ತದೆ. ಸರಾಸರಿ ಸೆಕೆಂಡಿನ ಸಾವಿರದಲ್ಲಿ ಹದಿನೇಳು ಭಾಗ. ಮಾಮೂಲು ಗೆರೆಗಳು ಇದಕ್ಕಿಂತ ಲಕ್ಷಾಂತರ ಪಟ್ಟು ಬೇಗ ಹೊಮ್ಮುತ್ತವೆ. ಅಷ್ಟು ಹೊತ್ತು ಯಾರೂ ಡಿಕ್ಕಿ ಹೊಡೆಯದೆ ಬಿಟ್ಟರೆ ಮಾತ್ರ ಬೆಳಕು ಬಂದೀತು. ಕಿಡಿಯ ದಟ್ಟ ಅನಿಲದಲ್ಲಿ ಅಂಥ ಬಿಡುವು ಎಲ್ಲಿ? ಕರೋನಾ ನಾವು ಉಸಿರಾಡುವ ಗಾಳಿಗಿಂತ ಸಾವಿರಾರು ಕೋಟಿ ಪಟ್ಟು ತೆಳು. ಅಲ್ಲಿ ಬಿಡುವೇ ಬಿಡುವು.

ಹಾಗಾದರೆ ಎಡ್ಲೆನ್‌ಗೆ ಆ ಗೆರೆಯ ಜಾಗ ಗೊತ್ತಾದದ್ದು ಹೇಗೆ? ಹದಿಮೂರು ಎಲೆಕ್ಟ್ರಾನು ಉಳಿದ ಕಬ್ಬಿಣ, ಎಲೆಕ್ಟ್ರಾನುಗಳ ಲೆಕ್ಕದಲ್ಲಿ ನಮ್ಮ ಅಡುಗೆಮನೆಯ ಅಲ್ಯೂಮಿನಿಯಂಗೆ ಸಮ. ಅಲ್ಯೂಮಿನಿಯಂನಲ್ಲೂ ಇದೇ ಜಿಗಿತವಿದೆ. ಆದರೆ ಅದರ ಶಕ್ತಿ ತೀರಾ ಕಡಿಮೆಯಾದ್ದರಿಂದ ಹೊಮ್ಮುವ ತರಂಗ ಕಣ್ಣಿಗೆ ಕಾಣದ ಅವಕೆಂಪಿನ ಆಳದಲ್ಲಿದೆ. ಬೀಜದ ವಿದ್ಯುತ್ತು ಹೆಚ್ಚುತ್ತ ಹೋದಂತೆ, ಅಂದರೆ ಸಿಲಿಕಾನ್, ರಂಜಕ, ಗಂಧಕ, ಕ್ಲೋರಿನ್ ಎಂದು ಅದೇ ಹದಿಮೂರು ಎಲೆಕ್ಟ್ರಾನುಗಳ ಅಯಾನುಗಳ ಸಾಲಿನಲ್ಲಿ ಮುಂದೆ ಸಾಗಿದಂತೆ, ಜಿಗಿತ ದೊಡ್ಡದಾಗುತ್ತದೆ. ಕಬ್ಬಿಣಕ್ಕೆ ಬರುವಾಗ ಅದು ಸುಮಾರು 170 ಪಟ್ಟು ಬೆಳೆದು ಕಣ್ಣಿಗೆ ಕಾಣುವ ಹಸಿರಾಗುತ್ತದೆ. ಎಡ್ಲೆನ್ ಇಂಥ ಸಾಲುಗಳನ್ನು ಅಳೆಯುತ್ತ, ಮುಂದಿನ ಅಂಕಿ ಎಲ್ಲಿ ಬಿದ್ದೀತೆಂದು ಅಂದಾಜು ಮಾಡುವುದರಲ್ಲಿ ಪಳಗಿದ ಕೈ.

ಅಂದಾಜು ಏಕೆ? ಸಿದ್ಧಾಂತದಿಂದ ನೇರವಾಗಿ ಲೆಕ್ಕ ಹಾಕಬಾರದಿತ್ತೇ? ಓದುಗರಿಗೆ ಈ ಪ್ರಶ್ನೆ ಸಹಜ. ಕ್ವಾಂಟಂ ಸಿದ್ಧಾಂತ 1926ರ ಹೊತ್ತಿಗೇ ಸಿದ್ಧವಾಗಿತ್ತು. ಉತ್ತರ ಹೇಳಬೇಕಾದರೆ ಕತೆಯನ್ನು ಸೂರ್ಯನಿಂದ ಲೆಕ್ಕದ ಮೇಜಿಗೆ ತರಬೇಕು.

ಜಲಜನಕದಲ್ಲಿ ಒಂದೇ ಎಲೆಕ್ಟ್ರಾನು. ಅದರ ಲೆಕ್ಕ ಕಾಗದದ ಮೇಲೆ ಪೂರ್ತಿ ಬಿಡಿಸಬಹುದು. ಹೀಲಿಯಂನಲ್ಲಿ ಎರಡು. ಅಲ್ಲಿಗೆ ಮುಗಿಯಿತು, ನಿಖರ ಸೂತ್ರ ಇಲ್ಲ. ಕಾರಣ, ಎರಡು ಎಲೆಕ್ಟ್ರಾನುಗಳಿಗೂ ಬೀಜದ ಸೆಳೆತವಿದೆ, ಜೊತೆಗೆ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುವುದಿಲ್ಲ. ಒಂದು ಎಲ್ಲಿದೆ ಎಂಬುದು ಇನ್ನೊಂದು ಎಲ್ಲಿದೆ ಎಂಬುದನ್ನು ಅವಲಂಬಿಸಿದೆ. ಹದಿಮೂರು ಎಲೆಕ್ಟ್ರಾನುಗಳಾದರೆ 78 ಜೋಡಿಗಳ ನಡುವೆ ಇದೇ ತಗಾದೆ.

ಇಂಗ್ಲೆಂಡಿನ ಡಗ್ಲಸ್ ಹಾರ್ಟ್ರಿ 1927-28ರಲ್ಲಿ ಒಂದು ಉಪಾಯ ಹೂಡಿದರು. ಒಂದು ಎಲೆಕ್ಟ್ರಾನಿನ ಲೆಕ್ಕ ಹಾಕುವಾಗ ಉಳಿದವನ್ನೆಲ್ಲ ಒಂದು ಮಸುಕು ಮೋಡದಂತೆ, ಸರಾಸರಿಯಾಗಿ ತೆಗೆದುಕೊಳ್ಳುವುದು. ಹೀಗೆ ಸರದಿಯಲ್ಲಿ ಒಂದೊಂದರ ಲೆಕ್ಕ ಹಾಕಿ, ಸಿಕ್ಕ ಉತ್ತರದಿಂದ ಮೋಡವನ್ನು ತಿದ್ದಿ, ಮತ್ತೆ ಹಾಕಿ, ಉತ್ತರ ಬದಲಾಗದ ತನಕ ಸುತ್ತು ಹೊಡೆಯುವುದು. ರಷ್ಯಾದ ವ್ಲಾದಿಮಿರ್ ಫಾಕ್ 1930ರಲ್ಲಿ ಇದನ್ನು ಕ್ವಾಂಟಂ ನಿಯಮಗಳಿಗೆ ಸರಿಹೊಂದಿಸಿದರು. ಅಂಕಗಣಿತದ ರಾಶಿ ಎಷ್ಟಿತ್ತೆಂದರೆ ಹಾರ್ಟ್ರಿಯವರ ತಂದೆ ವಿಲಿಯಂ ಹಾರ್ಟ್ರಿಯೇ ಮಗನ ಜೊತೆ ಲೆಕ್ಕಕ್ಕೆ ಕುಳಿತರು. 1934ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹಾರ್ಟ್ರಿ ಮತ್ತು ಅವರ ಶಿಷ್ಯ ಆರ್ಥರ್ ಪೋರ್ಟರ್, ಮಕ್ಕಳು ಆಡುವ 'ಮೆಕ್ಯಾನೊ' ಆಟಿಕೆಯ ಗಾಲಿ-ಸರಳುಗಳನ್ನೇ ಜೋಡಿಸಿ ಸಮೀಕರಣ ಬಿಡಿಸುವ ಯಂತ್ರ ಮಾಡಿದ್ದುಂಟು.

ಈ ಉಪಾಯ ಎಲ್ಲಿ ಎಡವುತ್ತದೆ ಎಂಬುದಕ್ಕೆ ನಮ್ಮ ಸಿಟಿ ಬಸ್ಸನ್ನೇ ನೋಡಿ. ಬಸ್ಸಿನಲ್ಲಿ ಎಲ್ಲೆಲ್ಲಿ ಎಷ್ಟು ನೂಕುನುಗ್ಗಲು ಎಂಬ ಸರಾಸರಿ ನಕ್ಷೆ ಬರೆಯಬಹುದು. ಬಾಗಿಲ ಬಳಿ ಜಾಸ್ತಿ, ಹಿಂದೆ ಕಡಿಮೆ ಎಂದು. ಆದರೆ ಕಂಡಕ್ಟರ್ ನಡೆಯುವುದು ಆ ನಕ್ಷೆ ನೋಡಿಕೊಂಡಲ್ಲ. ಎದುರಿಗಿದ್ದವರು ಎಡಕ್ಕೆ ವಾಲಿದರೆ ಆತ ಬಲಕ್ಕೆ ಸರಿಯುತ್ತಾನೆ, ಆತ ಸರಿದದ್ದಕ್ಕೆ ಮತ್ತೊಬ್ಬರು ಕಾಲು ಹಿಂದಿಡುತ್ತಾರೆ. ಎಲೆಕ್ಟ್ರಾನುಗಳೂ ಹೀಗೆಯೇ. ಅವು ಸರಾಸರಿ ಮೋಡಕ್ಕೆ ಹೆದರುವುದಿಲ್ಲ, ಆ ಕ್ಷಣದಲ್ಲಿ ಪಕ್ಕದಲ್ಲಿರುವ ಎಲೆಕ್ಟ್ರಾನನ್ನು ತಪ್ಪಿಸಿಕೊಂಡು ಚಲಿಸುತ್ತವೆ. ಈ ಪರಸ್ಪರ ತಪ್ಪಿಸಿಕೊಳ್ಳುವಿಕೆಗೆ 'ಎಲೆಕ್ಟ್ರಾನುಗಳ ಸಹಸಂಬಂಧ' ಎಂದು ಹೆಸರು. ಸರಾಸರಿಯ ಲೆಕ್ಕಕ್ಕೂ ನಿಜವಾದ ಉತ್ತರಕ್ಕೂ ಇರುವ ಅಂತರವೇ ಸಹಸಂಬಂಧದ ಶಕ್ತಿ.

ಅಂತರ ಎಷ್ಟು? ಹೀಲಿಯಂನ ಎರಡೂ ಎಲೆಕ್ಟ್ರಾನುಗಳನ್ನು ಕಿತ್ತುಹಾಕಲು 79 ಎಲೆಕ್ಟ್ರಾನ್ ವೋಲ್ಟ್ ಬೇಕು. ಸರಾಸರಿಯ ಲೆಕ್ಕ ಇದರಲ್ಲಿ ಸುಮಾರು 1.1ರಷ್ಟು ತಪ್ಪುತ್ತದೆ. ನೂರಕ್ಕೆ ಒಂದೂವರೆಗಿಂತ ಕಡಿಮೆ. ಪರೀಕ್ಷೆಯಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು ಬಂದರೆ ಯಾರಾದರೂ ಸಿಹಿ ಹಂಚುತ್ತಾರೆ. ಆದರೆ ಹಸಿರು ಬೆಳಕಿನ ಒಂದು ಕಣದ ಒಟ್ಟು ಶಕ್ತಿಯೇ 2.3 ಎಲೆಕ್ಟ್ರಾನ್ ವೋಲ್ಟ್. ರೋಹಿತ ಓದುವವರಿಗೆ 1.1ರ ತಪ್ಪು ಎಂದರೆ ಹಸಿರಿನ ಜಾಗದಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬಂದು ಕುಳಿತಂತೆ. ನಾರ್ವೆಯ ಎಗಿಲ್ ಹಿಲ್ಲರಾಸ್ 1929ರಲ್ಲಿ ಎರಡು ಎಲೆಕ್ಟ್ರಾನುಗಳ ನಡುವಿನ ದೂರವನ್ನೇ ನೇರವಾಗಿ ಸೂತ್ರದೊಳಕ್ಕೆ ತಂದು ಹೀಲಿಯಂನ ಈ ತಪ್ಪನ್ನು ಬಹುತೇಕ ಅಳಿಸಿದರು. ಅದು ಕ್ವಾಂಟಂ ಸಿದ್ಧಾಂತಕ್ಕೆ ಸಿಕ್ಕ ದೊಡ್ಡ ಗೆಲುವು. ಆದರೆ ಎಲೆಕ್ಟ್ರಾನುಗಳ ಸಂಖ್ಯೆ ಏರಿದಂತೆ ಆ ದಾರಿ ಬೇಗನೆ ಮುಚ್ಚಿಹೋಗುತ್ತದೆ.

ಈಗ ಎಲೆಕ್ಟ್ರಾನು ಕಳೆದುಕೊಂಡ ಪರಮಾಣುಗಳಿಗೆ ಬರೋಣ. ಮೇಲುನೋಟಕ್ಕೆ ಇಲ್ಲಿ ಕೆಲಸ ಹಗುರವಾಗಬೇಕು. ಕಬ್ಬಿಣದಲ್ಲಿ ಎರಡೇ ಎಲೆಕ್ಟ್ರಾನು ಉಳಿಸಿ ಮಿಕ್ಕ 24ನ್ನು ಕಿತ್ತರೆ, ಆ ಎರಡನ್ನೂ 26 ಧನ ಅಂಶಗಳ ಬೀಜ ಬಿಗಿಯಾಗಿ ಹಿಡಿದಿರುತ್ತದೆ. ಕಟ್ಟುನಿಟ್ಟಿನ ಹೆಡ್‌ಮಾಸ್ತರು ತರಗತಿಗೆ ಬಂದಂತೆ, ಹುಡುಗರ ಒಳಜಗಳಕ್ಕೆ ಅಲ್ಲಿ ಬೆಲೆಯಿಲ್ಲ. ಲೆಕ್ಕವೂ ಹಾಗೆಯೇ ಹೇಳುತ್ತದೆ. ಆ ಎರಡು ಎಲೆಕ್ಟ್ರಾನುಗಳನ್ನು ಕೀಳಲು ಸುಮಾರು 18 ಸಾವಿರ ಎಲೆಕ್ಟ್ರಾನ್ ವೋಲ್ಟ್ ಬೇಕು. ಅದರಲ್ಲಿ ಸಹಸಂಬಂಧದ ಪಾಲು ಒಂದೂಕಾಲು ಮಾತ್ರ. ಹೀಲಿಯಂನಲ್ಲಿ ಇದ್ದದ್ದಕ್ಕಿಂತ ಅಂಥ ಹೆಚ್ಚೇನಿಲ್ಲ.

ಎರಡರ ಬದಲು ನಾಲ್ಕು ಎಲೆಕ್ಟ್ರಾನು ಉಳಿಸಿ ನೋಡಿ. ಆಟವೇ ಬೇರೆ. ಬೆರಿಲಿಯಂನಲ್ಲಿ ನಾಲ್ಕು ಎಲೆಕ್ಟ್ರಾನುಗಳಿವೆ. ಹೊರಗಿನ ಎರಡು '2ಎಸ್' ಎಂಬ ಮನೆಯಲ್ಲಿ ಇರುತ್ತವೆ ಎಂದು ಪಿಯುಸಿ ಪುಸ್ತಕ ಹೇಳುತ್ತದೆ. ವಾಸ್ತವದಲ್ಲಿ ಅವು ನೂರಕ್ಕೆ ಸುಮಾರು ತೊಂಬತ್ತು ಪಾಲು ಅಲ್ಲಿದ್ದು, ಉಳಿದ ಪಾಲಿನ ಬಹುತೇಕ ಪಕ್ಕದ '2ಪಿ' ಮನೆಯಲ್ಲಿರುತ್ತವೆ. ಒಂದು ಬಣ್ಣಕ್ಕೆ ಇನ್ನೊಂದನ್ನು ಚೂರು ಬೆರೆಸಿದಂತೆ ಎರಡೂ ವ್ಯವಸ್ಥೆಗಳು ಒಟ್ಟಿಗೇ ಬೆರೆತಿರುತ್ತವೆ. ಒಂದನ್ನೊಂದು ತಪ್ಪಿಸಿಕೊಳ್ಳಲು ಎಲೆಕ್ಟ್ರಾನುಗಳು ಕಂಡುಕೊಂಡ ದಾರಿ ಇದು. ಬೀಜದ ವಿದ್ಯುತ್ತು ಏರಿದಂತೆ ಈ ಬೆರಕೆ ಅಳಿಸಿಹೋಗಬೇಕಿತ್ತು. ಆದರೆ ಬೀಜ ಪ್ರಬಲವಾದಷ್ಟೂ ಆ ಎರಡು ಮನೆಗಳ ಶಕ್ತಿ, ಒಟ್ಟು ಶಕ್ತಿಗೆ ಹೋಲಿಸಿದರೆ, ಹತ್ತಿರ ಹತ್ತಿರ ಬರುತ್ತದೆ. ಗೋಡೆ ತೆಳುವಾದಂತೆ. ಪರಿಣಾಮವಾಗಿ ನಾಲ್ಕು ಎಲೆಕ್ಟ್ರಾನುಗಳ ಸಾಲಿನಲ್ಲಿ ಸಹಸಂಬಂಧದ ಶಕ್ತಿ ಕುಗ್ಗುವುದೂ ಇಲ್ಲ, ನಿಂತಲ್ಲಿ ನಿಲ್ಲುವುದೂ ಇಲ್ಲ. ಬೀಜದ ವಿದ್ಯುತ್ತಿನ ಜೊತೆಗೇ ಏರುತ್ತದೆ. ಆರು ಎಲೆಕ್ಟ್ರಾನು ಕಳೆದುಕೊಂಡ ನಿಯಾನ್‌ನಲ್ಲಿ ಅದು ಬೆರಿಲಿಯಂನಲ್ಲಿ ಇದ್ದದ್ದಕ್ಕಿಂತ ಸುಮಾರು ಇಮ್ಮಡಿ.

ಇದರ ಮೇಲೆ ಇನ್ನೊಂದು ತೊಡಕು. ಕಬ್ಬಿಣದ ಬೀಜದ ತೀರಾ ಸಮೀಪದ ಎಲೆಕ್ಟ್ರಾನು ಬೆಳಕಿನ ವೇಗದ ಐದನೆಯ ಒಂದು ಭಾಗಕ್ಕೆ ಹತ್ತಿರದ ವೇಗದಲ್ಲಿ ಚಲಿಸುತ್ತದೆ. ಅಂದಮೇಲೆ ಐನ್‌ಸ್ಟೀನರ ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ. ಹಸಿರು ಗೆರೆ ಹುಟ್ಟುವುದೇ ಮುಖ್ಯವಾಗಿ ಈ ಸಾಪೇಕ್ಷ ಪರಿಣಾಮದಿಂದ. ಸಹಸಂಬಂಧದ ಕೈವಾಡ ಅಲ್ಲಿ ಸಣ್ಣದು. ಆದರೆ ಅದೇ ಅಯಾನು ಅತಿನೇರಳೆಯಲ್ಲಿ ಹೊಮ್ಮಿಸುವ ಗೆರೆಗಳಲ್ಲಿ ಸಹಸಂಬಂಧ ತನ್ನ ಪ್ರತಾಪ ತೋರಿಸುತ್ತದೆ. ಹೊರಗಿನ ಮೂರು ಎಲೆಕ್ಟ್ರಾನುಗಳು ಮೇಲಿನ ಮನೆಗಳಿಗೆ ಹಂಚಿಕೊಳ್ಳುವ ಬಗೆಗಳು ಕಾಗದದ ಮೇಲೆ ಬೇರೆ ಬೇರೆ, ನಿಸರ್ಗದಲ್ಲಿ ಕಲಸುಮೇಲೋಗರ. ಬೆರಕೆಯ ಪ್ರಮಾಣ ಸ್ವಲ್ಪ ತಪ್ಪಿದರೂ ಒಂದು ಗೆರೆ ಇದ್ದದ್ದಕ್ಕಿಂತ ಪ್ರಖರವಾಗಿ, ಪಕ್ಕದ್ದು ಮಂಕಾಗಿ ಲೆಕ್ಕಕ್ಕೆ ಸಿಗುತ್ತದೆ. ಈ ಅಯಾನಿನ 211 ಆಂಗ್‌ಸ್ಟ್ರಾಂ ಗೆರೆಯ ಬೆಳಕಿನಲ್ಲಿ ಅಮೆರಿಕದ 'ಎಸ್‌ಡಿಓ' ಉಪಗ್ರಹ 2010ರಿಂದ ಸೂರ್ಯನ ಚಿತ್ರ ತೆಗೆಯುತ್ತಿದೆ. ಚಿತ್ರ ತೆಗೆಯುವುದು ಕ್ಯಾಮರಾ. ಚಿತ್ರದ ಹೊಳಪಿನಿಂದ ಅಲ್ಲಿ ಎಷ್ಟು ಶಾಖ, ಎಷ್ಟು ಅನಿಲ ಎಂದು ಹೇಳುವುದು ಲೆಕ್ಕ.

ಬೆರಕೆಯ ಲೆಕ್ಕವನ್ನು ಕಂಪ್ಯೂಟರಿಗೆ ಒಗ್ಗಿಸಿದವರಲ್ಲಿ ಷಾರ್ಲೆಟ್ ಫ್ರೋಸ್ ಫಿಷರ್ ಹೆಸರು ದೊಡ್ಡದು. 1929ರಲ್ಲಿ ಇಂದಿನ ಉಕ್ರೇನಿನಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ಕುಟುಂಬದೊಡನೆ ಕೆನಡಾ ಸೇರಿದ ಈಕೆ ಕೇಂಬ್ರಿಜ್‌ನಲ್ಲಿ ಹಾರ್ಟ್ರಿಯವರ ಶಿಷ್ಯೆಯಾಗಿ 1957ರಲ್ಲಿ ಡಾಕ್ಟರೇಟ್ ಪಡೆದರು. ಗುರು ಕೈಯಿಂದ, ಆಟಿಕೆ ಯಂತ್ರದಿಂದ ಮಾಡಿದ ಲೆಕ್ಕವನ್ನು ಶಿಷ್ಯೆ ಎಡ್‌ಸ್ಯಾಕ್ ಎಂಬ ಆರಂಭಿಕ ಕಂಪ್ಯೂಟರಿನ ಮೇಲೆ ಮಾಡಿದರು. ಮುಂದೆ ಒಂದೇ ವ್ಯವಸ್ಥೆಯ ಬದಲು ಹತ್ತಾರು, ನೂರಾರು ಎಲೆಕ್ಟ್ರಾನು ವ್ಯವಸ್ಥೆಗಳನ್ನು ಬೆರೆಸಿ, ಬೆರಕೆಯ ಪ್ರಮಾಣ ಹಾಗೂ ಮೋಡಗಳ ಆಕಾರ ಎರಡನ್ನೂ ಒಟ್ಟಿಗೇ ತಿದ್ದುವ ವಿಧಾನವನ್ನು ಬೆಳೆಸಿ, ಅದರ ಪ್ರೋಗ್ರಾಮನ್ನು ಕೇಳಿದವರಿಗೆಲ್ಲ ಬಳಸಲು ಕೊಟ್ಟರು. 2024ರಲ್ಲಿ, 94ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಪತ್ರಿಕೆಗಳಲ್ಲಿ ಈಕೆಯ ಬಗ್ಗೆ ನಾಲ್ಕು ಸಾಲು ಬಂದಿದ್ದರೆ ಚೆನ್ನಾಗಿತ್ತು.

ಎಷ್ಟು ಬೆರೆಸಿದರೆ ಸಾಕು? ಈ ಪ್ರಶ್ನೆಯೇ ಒಂದು ದೊಡ್ಡ ವ್ಯಾಜ್ಯಕ್ಕೆ ಕಾರಣವಾಯಿತು. ಆರೋಪಿ ಮತ್ತೆ ಕಬ್ಬಿಣವೇ. ಈ ಸಲ ಹದಿನಾರು ಎಲೆಕ್ಟ್ರಾನು ಕಳೆದುಕೊಂಡು ಹತ್ತು ಉಳಿಸಿಕೊಂಡದ್ದು. ಹತ್ತು ಎಲೆಕ್ಟ್ರಾನು ಎಂದರೆ ನಿಯಾನ್‌ನಂತೆ ಭರ್ತಿಯಾದ ಮನೆಗಳು. ಹೀಗಾಗಿ ಈ ಅಯಾನು ಗಟ್ಟಿ ಕುಳ. ಲಕ್ಷಗಟ್ಟಲೆ ಡಿಗ್ರಿಯ ಅನಿಲ ಇರುವಲ್ಲೆಲ್ಲ ಇದು ಹೇರಳ. ಇದರ ಕ್ಷಕಿರಣ ರೋಹಿತದಲ್ಲಿ 15.01 ಮತ್ತು 15.26 ಆಂಗ್‌ಸ್ಟ್ರಾಂನಲ್ಲಿ ಎರಡು ಪ್ರಖರ ಗೆರೆಗಳಿವೆ. ಮೊದಲನೆಯದಕ್ಕೆ '3ಸಿ', ಎರಡನೆಯದಕ್ಕೆ '3ಡಿ' ಎಂದು ಹೆಸರು. 3ಸಿ ಗೆರೆ 3ಡಿಗಿಂತ ಸುಮಾರು ಮೂರೂವರೆ ಪಟ್ಟು ಪ್ರಬಲವಾಗಿರಬೇಕು ಎಂಬುದು ಸಿದ್ಧಾಂತಿಗಳ ಒಳ್ಳೆಯ ಲೆಕ್ಕ. ಸೂರ್ಯನನ್ನು, ನಕ್ಷತ್ರಗಳನ್ನು, ಪ್ರಯೋಗಶಾಲೆಯ ಅನಿಲವನ್ನು ನೋಡಿದವರಿಗೆ ಮಾತ್ರ ಅದಕ್ಕಿಂತ ಕಡಿಮೆಯೇ ಸಿಗುತ್ತಿತ್ತು. 1999ರಲ್ಲಿ ಚಂದ್ರ ಎಂಬ ಕ್ಷಕಿರಣ ದೂರದರ್ಶಕ (ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ನೆನಪಿನ ಹೆಸರು) ಮೇಲೆ ಹೋದಮೇಲೂ ತಗಾದೆ ತೀರಲಿಲ್ಲ.

ನೆಪಗಳು ಹಲವಿದ್ದವು. ಹೊರಟ ಬೆಳಕನ್ನು ದಾರಿಯಲ್ಲಿ ಇನ್ನೊಂದು ಅಯಾನು ನುಂಗಿರಬಹುದು, ಬೇರೆ ಅಯಾನಿನ ಗೆರೆ ಪಕ್ಕದಲ್ಲಿ ಸೇರಿಕೊಂಡಿರಬಹುದು, ಡಿಕ್ಕಿಗಳ ಲೆಕ್ಕ ತಪ್ಪಿರಬಹುದು. ಇವನ್ನೆಲ್ಲ ಬದಿಗೆ ಸರಿಸಲು ಜರ್ಮನಿಯ ಹೈಡಲ್‌ಬರ್ಗಿನ ತಂಡ ಮತ್ತು ಅದರ ಸಹಯೋಗಿಗಳು ಅಯಾನುಗಳನ್ನು ಹಿಡಿದಿಡುವ ತಮ್ಮ ಪುಟ್ಟ ಯಂತ್ರವನ್ನು ಅಮೆರಿಕದ ಸ್ಟ್ಯಾನ್‌ಫರ್ಡಿನ ಕ್ಷಕಿರಣ ಲೇಸರಿನ ಬಳಿಗೆ ಒಯ್ದರು. ಡಿಕ್ಕಿಯ ಗೊಡವೆಯೇ ಬೇಡ, ಬೆಳಕಿನಿಂದಲೇ ಅಯಾನನ್ನು ಪ್ರಚೋದಿಸಿ ನೋಡೋಣ ಎಂಬ ಲೆಕ್ಕಾಚಾರ. 2012ರಲ್ಲಿ ಪ್ರಕಟವಾದ ಉತ್ತರ 2.61. ಮೂರೂವರೆಯ ಹತ್ತಿರವೂ ಇಲ್ಲ.

ಈಗ ಬೆರಳು ನೇರವಾಗಿ ಸಿದ್ಧಾಂತಿಗಳತ್ತ ತಿರುಗಿತು. ಅವರು ಸಹಸಂಬಂಧವನ್ನು ಸಾಕಷ್ಟು ಸೇರಿಸಿಲ್ಲ ಎಂಬ ದೂರು. ಎರಡು ಗೆರೆಗಳ ಮೇಲಿನ ಸ್ಥಿತಿಗಳ ನಡುವೆ ಸುಮಾರು ಹದಿಮೂರು ಎಲೆಕ್ಟ್ರಾನ್ ವೋಲ್ಟ್ ಅಂತರ. ಅವು ಒಂದರೊಳಗೊಂದು ಬೆರೆತಿವೆ. ಬೆರಕೆ ತುಸು ಹೆಚ್ಚಾದರೆ ಪ್ರಬಲ ಗೆರೆಯ ಬಲ ದುರ್ಬಲದ್ದಕ್ಕೆ ಸೋರುತ್ತದೆ. ದೂರಿನಲ್ಲಿ ಹುರುಳಿರುವಂತೆ ಕಂಡದ್ದು ಆ ಕಾರಣಕ್ಕೆ. ಹಲವು ದೇಶಗಳ ಸಿದ್ಧಾಂತಿಗಳು ಬೇರೆ ಬೇರೆ ವಿಧಾನಗಳಲ್ಲಿ, ಲಕ್ಷಗಟ್ಟಲೆ ವ್ಯವಸ್ಥೆಗಳನ್ನು ಬೆರೆಸಿ ಲೆಕ್ಕವನ್ನು ಹಿಗ್ಗಿಸುತ್ತ ಹೋದರು. ಉತ್ತರ ಮೂರೂವರೆಯಿಂದ ಅಲುಗಲಿಲ್ಲ. 2020ರಲ್ಲಿ ಹ್ಯಾಂಬರ್ಗಿನ ಪೆಟ್ರಾ-3 ಯಂತ್ರದ ಕ್ಷಕಿರಣದಿಂದ ಹೊಸ ಅಳತೆ ಬಂತು: 3.09. ಅಂಕಿ ಮೇಲೇರಿತು, ಆದರೆ ಅಳತೆಯ ಖಚಿತತೆಯೂ ಏರಿದ್ದರಿಂದ ಸಿದ್ಧಾಂತದೊಡನೆ ಜಗಳ ಇನ್ನೂ ಬಿಗಡಾಯಿಸಿತು.

ಅದೇ ತಂಡ ಮತ್ತೆ ಅಳೆಯಿತು. ಗದ್ದಲಕ್ಕೆ ಹೋಲಿಸಿದರೆ ಸಂಕೇತ ಸಾವಿರ ಪಟ್ಟು ಸ್ಪಷ್ಟವಾಗುವಂತೆ ಉಪಕರಣವನ್ನು ತಿದ್ದಿತು. ಆಗ ಗೊತ್ತಾಯಿತು: ಪ್ರತಿ ಗೆರೆಗೂ ಎರಡು ಬದಿಗೆ ತೆಳ್ಳಗೆ ಚಾಚಿದ ರೆಕ್ಕೆಗಳಿರುತ್ತವೆ. ಹಿಂದಿನ ಅಳತೆಗಳಲ್ಲಿ ಆ ರೆಕ್ಕೆಗಳು ಹಿನ್ನೆಲೆಯ ಮಬ್ಬಿನಲ್ಲಿ ಕರಗಿ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಅವನ್ನೂ ಸೇರಿಸಿಕೊಂಡು 2022ರಲ್ಲಿ ಪ್ರಕಟಿಸಿದ ಅನುಪಾತ 3.51. ಸಿದ್ಧಾಂತದ್ದು 3.55. ದಶಕಗಳ ವ್ಯಾಜ್ಯದಲ್ಲಿ ಕಟಕಟೆಯಲ್ಲಿ ನಿಂತಿದ್ದ ಲೆಕ್ಕ ನಿರ್ದೋಷಿಯಾಗಿ ಹೊರಬಂತು. ತಮ್ಮದೇ ಹಳೆಯ ಅಂಕಿಯನ್ನು ತಾವೇ ಕೆಡವಿದ ಪ್ರಯೋಗಕಾರರಿಗೂ ಇದರಲ್ಲಿ ಅಷ್ಟೇ ಮರ್ಯಾದೆ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

ಈ ಕತೆಗೂ ನಮ್ಮ ನಾಡಿಗೂ ನಂಟಿದೆ. 1980ರ ಫೆಬ್ರವರಿ 16ರಂದು ಖಗ್ರಾಸ ಗ್ರಹಣದ ನೆರಳು ಉತ್ತರ ಕರ್ನಾಟಕದ ಮೇಲೆ ಹಾದಾಗ, ಊರವರು ಬಾಗಿಲು ಹಾಕಿಕೊಂಡು ಒಳಗಿದ್ದರೆ ದೇಶದ ವಿಜ್ಞಾನಿಗಳು ಬಯಲಿನಲ್ಲಿ ಬಿಡಾರ ಹೂಡಿದ್ದರು. ಕರೋನಾ ನೋಡಲು ಸಿಗುತ್ತಿದ್ದುದು ಮೂರು ನಿಮಿಷಕ್ಕೂ ಕಡಿಮೆ ಹೊತ್ತು. ಫ್ರಾನ್ಸಿನ ಬರ್ನಾರ್ ಲಿಯೋ 1930ರ ಹೊತ್ತಿಗೇ ದೂರದರ್ಶಕದೊಳಗೆ ಕೃತಕ ಗ್ರಹಣ ಮಾಡುವ ಕರೋನಾದರ್ಶಕ ಕಟ್ಟಿದ್ದರೂ ಭೂಮಿಯ ವಾತಾವರಣದ ಚೆದರಿದ ಬೆಳಕು ಕಾಟ ಕೊಡುತ್ತಿತ್ತು. ಅದರಿಂದ ಪಾರಾಗಲು ಬಾಹ್ಯಾಕಾಶಕ್ಕೇ ಹೋಗಬೇಕು.

2023ರ ಸೆಪ್ಟೆಂಬರ್ 2ರಂದು ಹೊರಟು 2024ರ ಜನವರಿ 6ರಂದು, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ತಾಣ ಸೇರಿದ ಆದಿತ್ಯ-ಎಲ್1 ನೌಕೆಯಲ್ಲಿ ಅಂಥ ಕರೋನಾದರ್ಶಕವೊಂದಿದೆ. ಅದನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ, ತನ್ನ ಹೊಸಕೋಟೆಯ ಆವರಣದಲ್ಲಿ. ಅದರ ರೋಹಿತದರ್ಶಕವನ್ನು ಹೊಂದಿಸಿರುವುದು ಮೂರು ಗೆರೆಗಳಿಗೆ: 5303, 7892 ಮತ್ತು 10747 ಆಂಗ್‌ಸ್ಟ್ರಾಂ. ಮೂರೂ ಕಬ್ಬಿಣದವೇ. ಕ್ರಮವಾಗಿ ಹದಿಮೂರು, ಹತ್ತು ಮತ್ತು ಹನ್ನೆರಡು ಎಲೆಕ್ಟ್ರಾನು ಕಳೆದುಕೊಂಡವು. ಬೇರೆ ಬೇರೆ ಶಾಖದಲ್ಲಿ ಬೇರೆ ಬೇರೆ ಅಯಾನು ಹೇರಳವಾಗುವುದರಿಂದ ಗೆರೆಗಳ ಹೊಳಪನ್ನು ಹೋಲಿಸಿ ಶಾಖ ತಿಳಿಯಬಹುದು. ಗೆರೆಯ ಅಗಲದಿಂದ ಅನಿಲದ ತಳಮಳ, ಜಾಗದ ಪಲ್ಲಟದಿಂದ ಅದರ ಓಟ ಗೊತ್ತಾಗುತ್ತದೆ. ಹೊಳಪಿನಿಂದ ಶಾಖಕ್ಕೆ ದಾಟುವಾಗ ಮಾತ್ರ ಅಯಾನು ಎಷ್ಟು ಬೇಗ ಬೆಳಕು ಬಿಡುತ್ತದೆ, ಡಿಕ್ಕಿಗೆ ಎಷ್ಟು ಸುಲಭವಾಗಿ ಸಿಗುತ್ತದೆ ಎಂಬ ಅಂಕಿಗಳು ಬೇಕೇ ಬೇಕು. ಆ ಪೈಕಿ ಬಹುಪಾಲು ಅಂಕಿಗಳನ್ನು ಪ್ರಯೋಗಶಾಲೆಯಲ್ಲಿ ಯಾರೂ ಅಳೆದಿಲ್ಲ. ಅವು ಹಾರ್ಟ್ರಿಯವರ ಸರಾಸರಿ ಮೋಡದಿಂದ ಹೊರಟು, ಸಹಸಂಬಂಧದ ತಿದ್ದುಪಡಿಗಳನ್ನು ಹೊತ್ತು ಬಂದ ಲೆಕ್ಕದ ಕೋಷ್ಟಕಗಳು. ಇದೇ ಬೆಂಗಳೂರಿನ ಸಂಸ್ಥೆಯಲ್ಲಿ ಪರಮಾಣುಗಳ ಸಾಪೇಕ್ಷ ಸಹಸಂಬಂಧದ ಲೆಕ್ಕ ಹಾಕುವ ಸಿದ್ಧಾಂತಿಗಳ ಪರಂಪರೆಯೂ ಇದೆ. ಯಂಗ್ ಮತ್ತು ಹಾರ್ಕ್‌ನೆಸ್ ಅಯೋವಾದಲ್ಲಿ ಗ್ರಹಣದ ಕೆಲವು ಕ್ಷಣ ಕಂಡ ಗೆರೆಯನ್ನು ಈಗ ಹೊಸಕೋಟೆಯಲ್ಲಿ ಕಟ್ಟಿದ ಉಪಕರಣ ಗ್ರಹಣಕ್ಕೆ ಕಾಯದೆಯೇ ನೋಡುತ್ತದೆ.